ಪ್ರತಿ ಸೆಲ್ಲಿಗೂ ಬೇರೆ ಕಾವಲು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ. ಓದುಗರಿಗಾಗಿ ಕೊಂಚ ವಿಸ್ತರಿಸಿ ಬರೆದದ್ದು.)



ಉರ್ದು ಮತ್ತು ಕನ್ನಡ ಪಾಠ ಹೇಳುವ ಮಾಸ್ತರ ಬ್ಯಾಟರಿ ಚಾರ್ಜರಿನ ಬಗ್ಗೆ ಮಾತನಾಡಲು ನಿಂತಿದ್ದಾನೆಂದರೆ ನಿಮಗೆ ಆಶ್ಚರ್ಯವಾಗಬಹುದು. ನನಗೂ ಆಗಿದೆ. ನನ್ನ ಬಿ.ಎಡ್. ಭಾಷಾ ವಿಷಯಗಳಲ್ಲಿ ಆದದ್ದು. ಓಮ್ ನಿಯಮವನ್ನು ಕೊನೆಯ ಸಲ ಓದಿದ್ದು ನನ್ನ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಹಿಂದಿನ ರಾತ್ರಿ. ಹಾಗಿದ್ದೂ ಈ ವರ್ಷದ ನನ್ನ ಬಹುಪಾಲು ಶನಿವಾರಗಳು ನಾಲ್ಕು ಲಿಥಿಯಂ ಸೆಲ್ಲುಗಳನ್ನು ಒಟ್ಟಿಗೆ ಚಾರ್ಜ್ ಮಾಡುವ ಒಂದು ಸಣ್ಣ ಉಪಕರಣದ ಮುಂದೆ ಕಳೆದುಹೋದವು. ಅದನ್ನು ಹೇಗೆ ಕಟ್ಟಿದೆವು, ಅದಕ್ಕೂ ಮೊದಲು ನನ್ನ ಅಜಾಗರೂಕತೆಯಿಂದ ಒಬ್ಬ ಹುಡುಗನ ಬೆರಳು ಹೇಗೆ ಸುಟ್ಟಿತು, ಎರಡನ್ನೂ ಮುಚ್ಚಿಡದೆ ಹೇಳುತ್ತೇನೆ.

ಹೋದ ಮಳೆಗಾಲದಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. ಅವನ ಮಾಮೂ ರಾಯಚೂರಿನಲ್ಲಿ ಒಂದು ಗುಜರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಕಬ್ಬಿಣ, ರದ್ದಿ, ಕೆಟ್ಟ ಮಿಕ್ಸರುಗಳ ಜೊತೆ ತೂಕಕ್ಕೆ ಬಂದಿದ್ದ ಮೂರು ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಇವನು ಅವರನ್ನು ಕಾಡಿ ಇಸಿದುಕೊಂಡಿದ್ದ. ಒಂದನ್ನು ಆಗಲೇ ಅಡುಗೆಮನೆಯ ಚಾಕುವಿನಿಂದ ಬಿಚ್ಚಿದ್ದ. (ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಚಾಕುವಿನ ತುದಿ ಸೆಲ್ಲಿನೊಳಗೆ ಇಳಿದರೆ ಅಲ್ಲೇ ಬೆಂಕಿ.) ಒಳಗೆ ಆರು ಸೆಲ್ಲು. ಪೆನ್ಸಿಲ್ ಸೆಲ್ಲಿಗಿಂತ ದಪ್ಪ, ಟಾರ್ಚಿನ ದೊಡ್ಡ ಸೆಲ್ಲಿಗಿಂತ ತೆಳು.

"ಸರ್, ಗುಜರಿಯವ್ರು ಇವು ಸತ್ತಾವ ಅಂತಾರ್ರಿ. ಆದ್ರ ಬಲ್ಬಿಗೆ ಹಚ್ಚಿದ್ರ ಉರಿತದ್ರಿ" ಎಂದ.

ಅವನಿಗೆ ದೀಪ ಬೇಕಿತ್ತು. ಮನೆ ಊರ ಅಂಚಿನಲ್ಲಿದೆ. ಗಾಳಿ ಮಳೆ ಬಂದು ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಬೆಳಗಾಗುವ ತನಕ ಕತ್ತಲೆ. ಅವನ ಆಪಾ ಆ ವರ್ಷ ಎಸ್.ಎಸ್.ಎಲ್.ಸಿ.ಯಲ್ಲಿದ್ದಳು. ಹಗಲೆಲ್ಲ ಮನೆಗೆಲಸ ಮುಗಿಸಿ ರಾತ್ರಿ ಮಾತ್ರ ಓದುವ ಹುಡುಗಿ. ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ತಯಾರಾಗುತ್ತಿದೆ, ಆ ಕೇಂದ್ರದ ಸಾಮರ್ಥ್ಯ 1720 ಮೆಗಾವಾಟ್ ಎಂದು ನಾವು ಸಾಮಾನ್ಯ ಜ್ಞಾನದ ಪರೀಕ್ಷೆಗೆ ಬಾಯಿಪಾಠ ಮಾಡಿಸುತ್ತೇವೆ. ಆ ಹುಡುಗಿಗೆ ಬೇಕಾಗಿದ್ದದ್ದು ಒಂದು ವಾಟ್.

ಮೊದಲು ಈ ಸೆಲ್ಲಿನ ಪರಿಚಯ ಮಾಡಿಕೊಡುತ್ತೇನೆ. ಇದರ ಹೆಸರು 18650. ವ್ಯಾಸ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್, ಕೊನೆಯ ಸೊನ್ನೆ ದುಂಡನೆಯ ಕೊಳವೆ ಎಂಬುದಕ್ಕೆ ಗುರುತು. ಒಳಗಿರುವುದು ಲಿಥಿಯಂ-ಅಯಾನ್ ರಸಾಯನ. ಸೋನಿ ಕಂಪನಿ ಇಂಥ ಸೆಲ್ಲನ್ನು ಮೊದಲ ಬಾರಿಗೆ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದರ ಹಿಂದಿನ ವಿಜ್ಞಾನಕ್ಕಾಗಿ ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ, ನೊಬೆಲ್ ಪಡೆದವರಲ್ಲೇ ಅತಿ ಹಿರಿಯರು. ನಿಮ್ಮ ಜೇಬಿನ ಮೊಬೈಲಿನಿಂದ ಹಿಡಿದು ರಸ್ತೆಯ ಮೇಲಿನ ವಿದ್ಯುತ್ ಸ್ಕೂಟರಿನವರೆಗೆ ಇದೇ ಕುಟುಂಬ.

ಹಾಗಾದರೆ ಗುಜರಿಯವರು ಸತ್ತಿದೆ ಎಂದದ್ದು ಸುಳ್ಳೇ? ಅವರದೂ ಸುಳ್ಳಲ್ಲ, ಹುಡುಗನದೂ ಸುಳ್ಳಲ್ಲ. ಆರು ಸೆಲ್ಲಿನ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಎರಡೆರಡು ಸೆಲ್ಲುಗಳು ಜೊತೆಯಾಗಿ, ಅಂಥ ಮೂರು ಜೋಡಿಗಳು ಒಂದರ ಹಿಂದೊಂದು ನಿಂತಿರುತ್ತವೆ. ಇವುಗಳ ಮೇಲೆ ಒಂದು ಕಾವಲು ಹಲಗೆ ಇರುತ್ತದೆ. ಮೂರು ಜೋಡಿಗಳಲ್ಲಿ ಒಂದೇ ಒಂದು ಜೋಡಿ ಕೆಟ್ಟರೂ ಆ ಹಲಗೆ ಇಡೀ ಬ್ಯಾಟರಿಯನ್ನು ಬಂದ್ ಮಾಡಿಬಿಡುತ್ತದೆ. ಅದು ಸರಿಯಾದದ್ದೇ, ಅಪಾಯ ತಪ್ಪಿಸುವುದೇ ಅದರ ಕೆಲಸ. ಆದರೆ ಆಗ ಆರೂ ಸೆಲ್ಲುಗಳು ಗುಜರಿಗೆ ಹೋಗುತ್ತವೆ, ಅದರಲ್ಲಿ ನಾಲ್ಕು ಇನ್ನೂ ಚೆನ್ನಾಗಿರಬಹುದು.

ಇದು ನಮ್ಮ ಹುಡುಗನ ಹೊಸ ಶೋಧವೇನಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಐಬಿಎಂ ಸಂಸ್ಥೆಯ ಭಾರತದ ಸಂಶೋಧನಾ ವಿಭಾಗದವರು, ರೇಡಿಯೋಸ್ಟುಡಿಯೋ ಎಂಬ ಕಂಪನಿಯ ಜೊತೆ ಸೇರಿ, ಬಿಸಾಡಿದ ಲ್ಯಾಪ್‌ಟಾಪ್ ಬ್ಯಾಟರಿಗಳ ಸೆಲ್ಲುಗಳಿಂದ ಒಂದು ಡಬ್ಬಿ ತಯಾರಿಸಿದ್ದರು. ಅದಕ್ಕೆ ಉರ್ಜಾರ್ ಎಂದು ಹೆಸರಿಟ್ಟರು, ಊರ್ಜೆ ತುಂಬಿದ ಜಾರ್ ಎಂಬರ್ಥದಲ್ಲಿ. ಬಿಸಾಡಿದ ಬ್ಯಾಟರಿಗಳಲ್ಲಿ ಕನಿಷ್ಠ ಶೇಕಡಾ 70ರಷ್ಟರಲ್ಲಿ ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು ಕಾಲ ಒಂದು ಎಲ್‌ಇಡಿ ದೀಪವನ್ನು ಒಂದು ವರ್ಷ ಉರಿಸುವಷ್ಟು ಶಕ್ತಿ ಉಳಿದಿದೆ ಎಂದು ಅವರು ಕಂಡುಕೊಂಡರು. ಕರೆಂಟಿನ ಸಂಪರ್ಕವೇ ಇಲ್ಲದ ಐದು ಕಡೆ ಆ ಡಬ್ಬಿಯನ್ನು ಕೊಟ್ಟು ನೋಡಿದರು. ದೊಡ್ಡ ಪ್ರಮಾಣದಲ್ಲಿ ಮಾಡಿದರೆ ಒಂದಕ್ಕೆ ಸುಮಾರು 600 ರೂಪಾಯಿ ಬೀಳಬಹುದೆಂದು ಲೆಕ್ಕ ಹಾಕಿದರು. ಈ ಸುದ್ದಿಯನ್ನು ನಾನು ಹುಡುಗನಿಗೆ ಓದಿ ಹೇಳಿದಾಗ ಅವನ ಮುಖ ನೋಡಬೇಕಿತ್ತು. ಐಬಿಎಂನವರು ತನ್ನನ್ನು ಕಾಪಿ ಹೊಡೆದಿದ್ದಾರೆ ಎನ್ನುವಂತಿತ್ತು!

ಸೆಲ್ಲು ಸಿಕ್ಕಿತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಖಾಲಿಯಾದ ಸೆಲ್ಲನ್ನು ಮತ್ತೆ ತುಂಬುವುದೇ ಕಷ್ಟದ ಭಾಗ. ಹಿಂದೆ ಮೊಬೈಲ್ ಬ್ಯಾಟರಿಯನ್ನು ಹೊರತೆಗೆದು ಕ್ಲಿಪ್ಪಿಗೆ ಸಿಕ್ಕಿಸುವ ಅಗ್ಗದ ಚಾರ್ಜರುಗಳು ಬರುತ್ತಿದ್ದವು, ಹಿರಿಯರಿಗೆ ನೆನಪಿರಬಹುದು. ಅವನ್ನು ನೋಡಿದವರಿಗೆ ಚಾರ್ಜ್ ಮಾಡುವುದೆಂದರೆ ಎರಡು ತಂತಿ ಮುಟ್ಟಿಸುವುದು ಎಂಬ ಭಾವನೆ ಬಂದಿದೆ. ಲಿಥಿಯಂ ಸೆಲ್ಲಿನ ವಿಷಯದಲ್ಲಿ ಅದು ತಪ್ಪು.

ನಮ್ಮ ಕಡೆ ಕೊಡದಲ್ಲಿ ನೀರು ಹಿಡಿಯುವುದನ್ನು ನೆನಪಿಸಿಕೊಳ್ಳಿ. ಮೊದಲು ನಲ್ಲಿಯನ್ನು ಪೂರ್ತಿ ತಿರುಗಿಸುತ್ತೇವೆ. ನೀರು ಕೊರಳಿನ ಹತ್ತಿರ ಬಂದಾಗ ನಲ್ಲಿಯನ್ನು ಸಣ್ಣಗೆ ಮಾಡುತ್ತೇವೆ. ಬಾಯಿಯ ಮಟ್ಟಕ್ಕೆ ಬಂದಕೂಡಲೇ ನಿಲ್ಲಿಸುತ್ತೇವೆ. ಲಿಥಿಯಂ ಸೆಲ್ಲಿಗೂ ಇದೇ ಕ್ರಮ. ಮೊದಲು ಒಂದೇ ಸಮನಾದ ಪ್ರವಾಹ ಕೊಡಬೇಕು, ಸೆಲ್ಲಿನ ವಿಭವ ಮೆಲ್ಲಗೆ ಏರುತ್ತದೆ. 4.2 ವೋಲ್ಟ್ ಮುಟ್ಟಿದ ಮೇಲೆ ವಿಭವವನ್ನು ಅಲ್ಲಿಯೇ ಹಿಡಿದಿಟ್ಟು ಪ್ರವಾಹ ತಾನಾಗಿ ಇಳಿಯಲು ಬಿಡಬೇಕು. ಅದು ಮೊದಲಿನ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಪೂರ್ತಿ ನಿಲ್ಲಿಸಬೇಕು. 4.2 ಅಂದರೆ 4.2. ಮೋಟಾರ್ ಸೈಕಲ್ಲಿನ ಸೀಸದ ಬ್ಯಾಟರಿಗೆ ಸ್ವಲ್ಪ ಹೆಚ್ಚು ಚಾರ್ಜ್ ಆದರೆ ಒಳಗಿನ ನೀರು ಗುಳ್ಳೆಯಾಗಿ ಹೋಗಿ ಅದು ಹೇಗೋ ತಡೆದುಕೊಳ್ಳುತ್ತದೆ. ಲಿಥಿಯಂ ಸೆಲ್ಲಿಗೆ ಆ ತಾಳ್ಮೆ ಇಲ್ಲ. ಮೇಲೆ ಮೇಲೆ ತುಂಬಿದರೆ ಒಳಗೆ ಬಿಸಿ ಹುಟ್ಟಿ, ಆ ಬಿಸಿಯೇ ಇನ್ನಷ್ಟು ಬಿಸಿ ಹುಟ್ಟಿಸಿ, ಕೊನೆಗೆ ಉರಿದುಹೋಗುತ್ತದೆ.

ಒಳ್ಳೆಯ ಸುದ್ದಿಯೆಂದರೆ ಈ ಎಲ್ಲ ಕ್ರಮವನ್ನು ತಾನೇ ನೋಡಿಕೊಳ್ಳುವ ಪುಟ್ಟ ಚಿಪ್ ಸಿಗುತ್ತದೆ. ಟಿಪಿ4056 ಎಂದು ಅದರ ಹೆಸರು. ಎರಡು ಬೆರಳಗಲದ ಹಲಗೆಯ ಮೇಲೆ ಕೂಡಿಸಿ ಮಾರುತ್ತಾರೆ, ನಾವು ಕೊಂಡಾಗ ಒಂದು ಚಹಾ-ಬಿಸ್ಕೀಟಿನ ಬೆಲೆ. ಒಂದು ಕಡೆ 5 ವೋಲ್ಟ್ ಕೊಟ್ಟು ಇನ್ನೊಂದು ಕಡೆ ಸೆಲ್ಲು ಹಚ್ಚಿದರೆ ಕೆಂಪು ದೀಪ. ತುಂಬಿದ ಮೇಲೆ ನೀಲಿ ಅಥವಾ ಹಸಿರು. ಸೆಲ್ಲು ತೀರ ಬರಿದಾಗಿ 2.9 ವೋಲ್ಟಿಗಿಂತ ಕೆಳಗಿದ್ದರೆ ಮೊದಲು ಹನಿಹನಿಯಾಗಿ ಕೊಡುವಷ್ಟು ವಿವೇಕವೂ ಅದಕ್ಕಿದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ತಾಲೂಕಿನ ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂದಿತ್ತು. ಹುಡುಗ ಎರಡು ಹಲಗೆಗಳನ್ನು ಒಂದು ರಟ್ಟಿನ ಮೇಲೆ ಅಂಟಿಸಿದ. ಎರಡಕ್ಕೂ ಒಂದೇ ಮೊಬೈಲ್ ಚಾರ್ಜರಿನಿಂದ 5 ವೋಲ್ಟ್. ಒಂದೊಂದು ಹಲಗೆಗೆ ಒಂದೊಂದು ಸೆಲ್ಲು. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಅವನ ದೀಪಕ್ಕೆ ಹೆಚ್ಚು ವೋಲ್ಟ್ ಬೇಕಿತ್ತು. ಅದಕ್ಕಾಗಿ ಎರಡು ಸೆಲ್ಲುಗಳನ್ನು ಒಂದರ ಹಿಂದೊಂದು ಬೆಸೆದು 7.4 ವೋಲ್ಟ್ ಮಾಡಿದ್ದ. ಪದೇ ಪದೇ ಬಿಚ್ಚುವ ಗೋಜು ಬೇಡವೆಂದು ಬೆಸೆದಂತೆಯೇ ಇಟ್ಟು ಚಾರ್ಜ್ ಮಾಡುವುದು ಅವನ ಉಪಾಯ. ನನಗೆ ತೋರಿಸಿದ. "ಪ್ರತಿ ಸೆಲ್ಲಿಗೂ ಬೇರೆ ಚಾರ್ಜರ್ ಅದರಿ ಸರ್" ಎಂದ. ನಾನು ಶಹಬ್ಬಾಸ್ ಎಂದೆ.

ಮರುದಿನ ಮನೆಯಲ್ಲಿ ಅವನು ಎರಡನೆಯ ಹಲಗೆಯ ತಂತಿ ಮುಟ್ಟಿಸಿದ ಕ್ಷಣದಲ್ಲೇ ತಂತಿಯ ಹೊದಿಕೆ ಕರಗಿ ಬೆರಳಿಗೆ ಅಂಟಿತು. ಕೈ ಕೊಡವಿದಾಗ ಎಲ್ಲವೂ ಹಾಸಿದ್ದ ಜಮಖಾನದ ಮೇಲೆ ಬಿತ್ತು. ಜಮಖಾನ ಸುಟ್ಟಿತು. ಅವನ ಆಪಾ ಒಲೆಯ ಇಕ್ಕಳ ತಂದು ಅದನ್ನು ಅಂಗಳಕ್ಕೆ ಎಸೆದಳು. ದೊಡ್ಡದೇನೂ ಆಗಲಿಲ್ಲ. ಆಗಬಹುದಿತ್ತು.

ಅವನ ಅಬ್ಬಾ ಬೆಳಿಗ್ಗೆ ಶಾಲೆಗೆ ಬಂದರು. ಹತ್ತಿ ಬಿಡಿಸುವ ಕೆಲಸ ಬಿಟ್ಟು ಬಂದಿದ್ದರು. ಜೋರು ಮಾಡಲಿಲ್ಲ. ದಖನಿಯಲ್ಲಿ ಒಂದೇ ಮಾತು ಕೇಳಿದರು: "ಮಾಸ್ತರ್, ನೀವು ಇದನ್ನು ನೋಡಿದ್ದಿರಾ?" ನೋಡಿದ್ದೆ ಎಂದೆ. ಅದು ನಿಜ. ನೋಡಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ಅರ್ಥವಾಗದ್ದಕ್ಕೆ ಶಹಬ್ಬಾಸ್ ಹೇಳುವುದು ನಮ್ಮಂಥ ಮಾಸ್ತರರಿಗೆ ಅಂಟಿದ ಒಂದು ರೋಗ. ಹುಡುಗ ಆ ಪ್ರದರ್ಶನಕ್ಕೆ ಹೋಗಲಿಲ್ಲ. ಎರಡು ವಾರ ನನ್ನ ಕಣ್ಣು ತಪ್ಪಿಸಿ ಓಡಾಡಿದ.

ನಾನು ರಾಯಚೂರಿಗೆ ಬಸ್ಸು ಹತ್ತಿದೆ. ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದ್ದಾನೆ. ನನ್ನ ಕೈಯಲ್ಲಿ ಕನ್ನಡದಲ್ಲಿ ಎರಡು ಸಲ ಫೇಲಾದವನು. ಅವನು ಗಿರಾಕಿಯ ಬಿಲ್ಲಿನ ಹಿಂದೆ ಪೆನ್ಸಿಲಿನಿಂದ ಚಿತ್ರ ಬರೆದು ತೋರಿಸಿದ. ಗಮನವಿಟ್ಟು ಕೇಳಿ, ಇದು ಈ ಭಾಷಣದ ಮುಖ್ಯ ಸಂಗತಿ.

ಆ ಅಗ್ಗದ ಹಲಗೆಯಲ್ಲಿ 5 ವೋಲ್ಟ್ ಬರುವ ಕಡೆಯ ಋಣ ತುದಿಯೂ ಸೆಲ್ಲಿಗೆ ಹೋಗುವ ಋಣ ತುದಿಯೂ ಒಂದೇ ತಂತಿ. ಎರಡು ಹಲಗೆಗಳಿಗೂ ಒಂದೇ ಮೊಬೈಲ್ ಚಾರ್ಜರ್ ಆದ್ದರಿಂದ ಎರಡೂ ಸೆಲ್ಲುಗಳ ಋಣ ತುದಿಗಳು ಹಲಗೆಗಳ ಮೂಲಕ ಒಂದಕ್ಕೊಂದು ಸೇರಿಹೋದವು. ಇತ್ತ ಹುಡುಗ ಮೊದಲ ಸೆಲ್ಲಿನ ಧನ ತುದಿಯನ್ನು ಎರಡನೆಯದರ ಋಣ ತುದಿಗೆ ಬೆಸೆದಿದ್ದ. ಈಗ ಬೆರಳಿನಿಂದ ದಾರಿ ಹಿಡಿದು ಹೋಗಿ ನೋಡಿ. ಮೊದಲ ಸೆಲ್ಲಿನ ಧನದಿಂದ ಹೊರಟರೆ ಎರಡನೆಯದರ ಋಣ. ಅಲ್ಲಿಂದ ಹಲಗೆ. ಹಲಗೆಯಿಂದ ನೇರವಾಗಿ ಮೊದಲ ಸೆಲ್ಲಿನ ಋಣ. ನಡುವೆ ಬಲ್ಬಿಲ್ಲ, ರೋಧವಿಲ್ಲ, ಏನೂ ಇಲ್ಲ. ಮೊದಲ ಸೆಲ್ಲು ತನ್ನನ್ನು ತಾನೇ ಶಾರ್ಟ್ ಮಾಡಿಕೊಂಡಿತು.

"ಸರ್, ನೀವು ಸಂಧಿ ಬಿಡಿಸಿದ ಹಾಗೆ ದಾರಿ ಬಿಡಿಸಿ ನೋಡಬೇಕಿತ್ತು" ಎಂದ ಆ ಹಳೆಯ ವಿದ್ಯಾರ್ಥಿ. ಸೇಡು ತೀರಿಸಿಕೊಂಡ ಎನ್ನಿ.

ನಮ್ಮ ಕನ್ನಡ ವಿಜ್ಞಾನ ಪುಸ್ತಕದಲ್ಲಿ ಇದಕ್ಕೆ ಸರಣಿ ಜೋಡಣೆ, ಸಮಾಂತರ ಜೋಡಣೆ ಎಂಬ ಹೆಸರುಗಳಿವೆ. ಉರ್ದುವಿನಲ್ಲಿ ಸಿಲ್ಸಿಲಾವಾರ್, ಮುತವಾಝಿ. ನಾನು ಎರಡೂ ಭಾಷೆಯಲ್ಲಿ ಈ ಪದಗಳಿಗೆ ಅರ್ಥ ಬರೆಸಿದ್ದೇನೆ, ಬಿಟ್ಟ ಸ್ಥಳ ತುಂಬಿಸಿದ್ದೇನೆ, ಅಂಕ ಕೊಟ್ಟಿದ್ದೇನೆ. ಸರಪಣಿಯಲ್ಲಿ ನಿಂತ ಸೆಲ್ಲುಗಳ ವೋಲ್ಟ್ ಕೂಡುತ್ತದೆ. ಸಮಾಂತರವಾಗಿ ನಿಂತವುಗಳ ವೋಲ್ಟ್ ಅಷ್ಟೇ ಇದ್ದು ಸಾಮರ್ಥ್ಯ ಕೂಡುತ್ತದೆ. ಇಷ್ಟು ಗೊತ್ತಿದ್ದವನಿಗೂ ಸಾಲಿನಲ್ಲಿ ನಿಂತ ಎರಡನೆಯ ಸೆಲ್ಲಿನ ಋಣ ತುದಿ ಸೊನ್ನೆಯಲ್ಲಿ ಇಲ್ಲ, ಮೊದಲನೆಯದರ ಹೆಗಲ ಮೇಲೆ ನಿಂತಿದೆ ಎಂಬುದು ಹೊಳೆಯಲಿಲ್ಲ.

ಹುಡುಗನ ಅಬ್ಬಾನನ್ನು ಮತ್ತೆ ಕಂಡು ತಪ್ಪು ನನ್ನದು ಎಂದು ಹೇಳಿ, ಇನ್ನೊಂದು ಸಲ ಮಾಡಲು ಅನುಮತಿ ಕೇಳಿದೆ. ನೀವು ಪಕ್ಕದಲ್ಲಿ ಕೂತಿದ್ದರೆ ಮಾತ್ರ, ಶಾಲೆಯಲ್ಲಿ ಮಾತ್ರ ಎಂದರು. ಆ ಷರತ್ತು ಇಂದಿಗೂ ಜಾರಿಯಲ್ಲಿದೆ.

ಈಗ ಎರಡನೆಯ ಚಾರ್ಜರ್. ನೆಲಕ್ಕೆ ಹಾಸುವ ಟೈಲ್ಸಿನ ಒಂದು ತುಂಡಿನ ಮೇಲೆ ಕಟ್ಟಿದ್ದೇವೆ, ರಟ್ಟೂ ಇಲ್ಲ, ಮರವೂ ಇಲ್ಲ. ನಾಲ್ಕು ಹಲಗೆಗಳು, ನಾಲ್ಕು ಸೆಲ್ಲಿನ ಮನೆಗಳು, ನಡುವೆ ಎರಡು ಬೆರಳಿನಷ್ಟು ಅಂತರ. ಸೆಲ್ಲುಗಳಿಗೆ ಪರಸ್ಪರ ಯಾವ ಬೆಸುಗೆಯೂ ಇಲ್ಲ. ಚಾರ್ಜ್ ಆಗುವಾಗ ಪ್ರತಿಯೊಂದೂ ಒಂಟಿ. ಹೀಗಿದ್ದಾಗ ಋಣ ತುದಿಗಳು ಒಂದಾಗಿದ್ದರೂ ತೊಂದರೆಯಿಲ್ಲ, ಸುತ್ತು ಪೂರ್ತಿಯಾಗುವ ದಾರಿಯೇ ಇರುವುದಿಲ್ಲ.

ಹಲಗೆಯ ಮೇಲೆ 1.2 ಕಿಲೋಓಮಿನ ಒಂದು ರೋಧಕ ಇರುತ್ತದೆ. ಪ್ರವಾಹ ಎಷ್ಟಿರಬೇಕೆಂದು ಹೇಳುವುದು ಅದೇ. 1.2 ಇದ್ದರೆ 1 ಆಂಪಿಯರ್. ಹಳೆಯ ಸೆಲ್ಲಿಗೆ ಅಷ್ಟು ಅವಸರ ಬೇಡವೆಂದು ಅದನ್ನು ತೆಗೆದು 2 ಕಿಲೋಓಮಿನದು ಹಾಕಿಸಿದೆವು. ಆಗ ಸುಮಾರು 580 ಮಿಲಿಆಂಪಿಯರ್. ಇದರಿಂದ ಇನ್ನೊಂದು ಲಾಭ ಇದೆ. 5 ವೋಲ್ಟಿನಲ್ಲಿ ಸೆಲ್ಲಿಗೆ ಹೋಗದೆ ಉಳಿದ ವೋಲ್ಟೆಲ್ಲ ಚಿಪ್ಪಿನಲ್ಲಿ ಬಿಸಿಯಾಗಿ ಹೋಗುತ್ತದೆ. ಸೆಲ್ಲು 3.5ರಲ್ಲಿದ್ದಾಗ 1 ಆಂಪಿಯರ್ ಹರಿದರೆ ಒಂದೂವರೆ ವಾಟ್ ಬಿಸಿ. ಹಲಗೆ ಮುಟ್ಟಲಾಗುವುದಿಲ್ಲ. 580ರಲ್ಲಿ 0.87 ವಾಟ್ ಮಾತ್ರ. ನಾಲ್ಕು ಹಲಗೆಗೆ ಕೂಡಿ 2.3 ಆಂಪಿಯರ್ ಬೇಕು, ಆದ್ದರಿಂದ 5 ವೋಲ್ಟ್ 3 ಆಂಪಿಯರಿನ ಅಡಾಪ್ಟರ್ ತಂದೆವು. ಮೊದಲಿನ ಮೊಬೈಲ್ ಚಾರ್ಜರಿಗೆ ನಾಲ್ಕನ್ನೂ ಹಚ್ಚಿದ್ದರೆ ಅದು ಏದುಸಿರು ಬಿಡುತ್ತಿತ್ತು. ಪ್ರತಿ ಸೆಲ್ಲಿನ ದಾರಿಯಲ್ಲಿ 1 ಆಂಪಿಯರಿನ ಫ್ಯೂಸ್ ಇದೆ. ಧನ ತುದಿಯ ಕಡೆಗೆ ಕೆಂಪು ಬಣ್ಣ ಬಳಿದಿದ್ದೇವೆ, ಏಕೆಂದರೆ ಸೆಲ್ಲನ್ನು ತಿರುಗಾಮುರುಗಾ ಹಾಕಿದರೆ ಚಿಪ್ ಆ ಕ್ಷಣವೇ ಸುಡುತ್ತದೆ. ಒಂದನ್ನು ಹಾಗೆ ಸುಟ್ಟ ಮೇಲೆಯೇ ಬಣ್ಣದ ಡಬ್ಬಿ ತಂದದ್ದು.

ದೀಪಗಳನ್ನು ಬೇರೆ ಮಾಡಿದೆವು. ಒಂದು ದೀಪಕ್ಕೆ ಒಂದೇ ಸೆಲ್ಲು, 1 ವಾಟಿನ ಎಲ್‌ಇಡಿ. ದೀಪದೊಳಗೆ ಮಾತ್ರ ಇನ್ನೊಂದು ಬಗೆಯ ಕಾವಲು ಚಿಪ್ ಇದೆ. ಸೆಲ್ಲು ಸುಮಾರು 2.4 ವೋಲ್ಟಿಗೆ ಇಳಿದರೆ ಅದು ದೀಪವನ್ನು ತಾನೇ ಆರಿಸುತ್ತದೆ. ಅತಿಯಾಗಿ ತುಂಬುವುದು ಎಷ್ಟು ಕೆಟ್ಟದ್ದೋ ಅತಿಯಾಗಿ ಬರಿದು ಮಾಡುವುದೂ ಅಷ್ಟೇ ಕೆಟ್ಟದ್ದು. ತೀರ ಬರಿದಾಗಿ ಬಹಳ ದಿನ ಬಿದ್ದಿರುವ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಕುಳಿತು ಒಳಗೇ ಶಾರ್ಟ್ ಆಗಬಹುದು. ಅದಕ್ಕೇ ನಮ್ಮ ಮೊದಲ ನಿಯಮ: ಮಲ್ಟಿಮೀಟರ್ 2 ವೋಲ್ಟಿಗಿಂತ ಕಡಿಮೆ ತೋರಿಸಿದ ಸೆಲ್ಲನ್ನು ಬದುಕಿಸಲು ಹೋಗುವುದಿಲ್ಲ.

ಮೂರು ಬ್ಯಾಟರಿಗಳಿಂದ ಒಟ್ಟು 18 ಸೆಲ್ಲು ಬಂದವು. ಉಳಿದೆರಡನ್ನು ಬಿಚ್ಚಿಕೊಟ್ಟವನು ರಿಪೇರಿ ಅಂಗಡಿಯ ಹುಡುಗ. 6 ಸೆಲ್ಲು 2 ವೋಲ್ಟಿಗಿಂತ ಕೆಳಗಿದ್ದವು, ಮೊದಲ ದಿನವೇ ಬದಿಗೆ ಹೋದವು. ಉಳಿದ 12ಕ್ಕೆ ನಂಬರ್ ಬರೆದು ಒಂದೊಂದಾಗಿ ತುಂಬಿ, ಒಂದು ವಾರ ಸುಮ್ಮನೆ ಇಟ್ಟೆವು. ಒಳ್ಳೆಯ ಸೆಲ್ಲು ಒಂದು ವಾರದಲ್ಲಿ ಹೆಚ್ಚೇನೂ ಇಳಿಯುವುದಿಲ್ಲ. ಎರಡು ಸೆಲ್ಲು ತಾವೇ ತಾವಾಗಿ 3.9ಕ್ಕಿಂತ ಕೆಳಗೆ ಇಳಿದಿದ್ದವು. ಇನ್ನೊಂದು ಚಾರ್ಜ್ ಆಗುವಾಗಲೇ ಕೈಗೆ ಬಿಸಿ ತಾಗುತ್ತಿತ್ತು. ಮೂರೂ ಹೊರಗೆ. ಉಳಿದದ್ದು 9.

ಆ ಒಂಬತ್ತರ ಸಾಮರ್ಥ್ಯ ಅಳೆಯಲು ನಮ್ಮಲ್ಲಿ ಯಂತ್ರವಿರಲಿಲ್ಲ. 5 ಓಮಿನ ದಪ್ಪ ರೋಧಕವೊಂದನ್ನು ಹಚ್ಚಿ, ಹತ್ತು ಹತ್ತು ನಿಮಿಷಕ್ಕೆ ವೋಲ್ಟ್ ಬರೆದುಕೊಂಡೆವು. ಸರಾಸರಿ 3.7 ವೋಲ್ಟನ್ನು 5ರಿಂದ ಭಾಗಿಸಿದರೆ 0.74 ಆಂಪಿಯರ್. 4.2ರಿಂದ 3.0ಕ್ಕೆ ಇಳಿಯಲು ಎರಡು ಗಂಟೆ ತೆಗೆದುಕೊಂಡರೆ ಸುಮಾರು 1480 ಮಿಲಿಆಂಪಿಯರ್-ಗಂಟೆ. ಹೊಸದಾಗಿದ್ದಾಗ 2200 ಇದ್ದದ್ದು, ಅಂದರೆ ಮೂರರಲ್ಲಿ ಎರಡು ಪಾಲು ಇನ್ನೂ ಇದೆ. 1 ವಾಟಿನ ದೀಪಕ್ಕೆ ಐದು ಗಂಟೆ. ಓಮ್ ನಿಯಮವನ್ನು ಎಂದೂ ಬಾಯಿಪಾಠ ಮಾಡದ ಹುಡುಗರು ಆ ಶನಿವಾರ ಗಡಿಯಾರ ಹಿಡಿದು ಕೂತು ಭಾಗಾಕಾರ ಮಾಡಿದರು. ಅವರಲ್ಲಿ ಇಬ್ಬರು ಹುಡುಗಿಯರು. ಅವರು ಬರೆದ ಪಟ್ಟಿಯೇ ಅತಿ ಶುದ್ಧವಾಗಿತ್ತೆಂದು ಇಲ್ಲಿ ದಾಖಲಿಸಲೇಬೇಕು.

ನಿಮ್ಮಲ್ಲಿ ಐ.ಟಿ.ಐ., ಡಿಪ್ಲೊಮಾ ಓದುವವರು ಕೇಳಬಹುದು: ಸರಣಿಯಲ್ಲಿ ಬೆಸೆದ ಸೆಲ್ಲುಗಳನ್ನು ಚಾರ್ಜ್ ಮಾಡಲು ಸಾಧ್ಯವೇ ಇಲ್ಲವೇ? ಸಾಧ್ಯ. ವಿದ್ಯುತ್ ಸ್ಕೂಟರಿನಲ್ಲಿ ನಡೆಯುವುದು ಅದೇ. ಆದರೆ ಅಲ್ಲಿ ಪ್ರತಿ ಸೆಲ್ಲಿನ ಸಂಧಿಯಿಂದ ಒಂದೊಂದು ತೆಳು ತಂತಿ ಕಾವಲು ಹಲಗೆಗೆ ಹೋಗುತ್ತದೆ. ಬಿಎಂಎಸ್ ಎನ್ನುತ್ತಾರೆ. ಅದು ಏಕೆ ಬೇಕೆಂದರೆ, ಎರಡು ಸೆಲ್ಲಿನ ಸಾಲಿಗೆ 8.4 ವೋಲ್ಟಿನ ಚಾರ್ಜರ್ ಹಚ್ಚಿದ್ದೀರಿ ಎಂದುಕೊಳ್ಳಿ. ಒಂದರ ಸಾಮರ್ಥ್ಯ ಕುಗ್ಗಿದೆ. ಅದು ಬೇಗ ತುಂಬಿ 4.4ಕ್ಕೆ ಹೋಗುತ್ತದೆ, ಇನ್ನೊಂದು 4.0ರಲ್ಲೇ ಇರುತ್ತದೆ. ಕೂಡಿದರೆ 8.4. ಚಾರ್ಜರಿನ ಹಸಿರು ದೀಪ ಹತ್ತುತ್ತದೆ, ಲೆಕ್ಕ ಸರಿಯಾಗಿದೆ, ಒಳಗೆ ಒಂದು ಸೆಲ್ಲು ಬೆಂಕಿಯ ಅಂಚಿನಲ್ಲಿದೆ. ಕಾವಲು ಹಲಗೆ ಇದ್ದರೆ ತುಂಬಿದ ಸೆಲ್ಲಿನ ಹೆಚ್ಚಿನ ಶಕ್ತಿಯನ್ನು ಒಂದು ರೋಧಕದಲ್ಲಿ ಸುಟ್ಟು, ಉಳಿದವು ಅದನ್ನು ಹಿಡಿಯುವವರೆಗೆ ಕಾಯುತ್ತದೆ. ಮಾಸ್ತರರಾಗಿ ನಾವು ಪ್ರತಿ ವರ್ಷ ತರಗತಿಯ ಶೇಕಡಾವಾರು ಫಲಿತಾಂಶ ಬರೆದು ಕಳಿಸುತ್ತೇವಲ್ಲ, ನನಗೆ ಅದೇ ನೆನಪಾಯಿತು.

2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಸುದ್ದಿಗಳನ್ನು ನೀವು ಓದಿರುತ್ತೀರಿ. ಆಮೇಲೆ ಕೇಂದ್ರ ಸರ್ಕಾರ ಎಐಎಸ್-156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿ ಮಾಡಿ, ಅದೇ ವರ್ಷದ ಡಿಸೆಂಬರಿನಿಂದ ಹಂತಹಂತವಾಗಿ ಜಾರಿಗೆ ತಂದಿತು. ಸಮಾಂತರ ಜೋಡಣೆ ಇದಕ್ಕಿಂತ ಸರಳ, ಎಲ್ಲ ಸೆಲ್ಲುಗಳಿಗೂ ಒಂದೇ ಚಾರ್ಜರ್ ಸಾಕು. ಆದರೆ ಬೆಸೆಯುವ ಮುನ್ನ ಎಲ್ಲವನ್ನೂ ಒಂದೇ ವೋಲ್ಟಿಗೆ ತರಬೇಕು. ತುಂಬಿದ್ದೊಂದು, ಖಾಲಿ ಇದ್ದದ್ದೊಂದು ಮುಟ್ಟಿಸಿದರೆ ಮೊದಲನೆಯದು ಎರಡನೆಯದಕ್ಕೆ ನುಗ್ಗುತ್ತದೆ.

ನಮ್ಮ ರಾಯಚೂರು ಸೀಮೆಗೆ ಮಾತ್ರ ಒಂದು ಹೆಚ್ಚಿನ ಮಾತು. ಇಂಥ ಸೆಲ್ಲುಗಳನ್ನು ಚಾರ್ಜ್ ಮಾಡಲು ಸಾಮಾನ್ಯವಾಗಿ 45 ಡಿಗ್ರಿಯ ಮಿತಿ ಇದೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳಿನಲ್ಲೇ 42 ಡಿಗ್ರಿ. ತಗಡಿನ ಮನೆಯೊಳಗೆ ಇನ್ನೂ ಹೆಚ್ಚು. ಅಲ್ಲಿಂದ ಮಿತಿಗೆ ಉಳಿದದ್ದೆಷ್ಟು? ಬೇಸಿಗೆಯಲ್ಲಿ ನಾವು ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಚಾರ್ಜ್ ಮುಗಿಸುತ್ತೇವೆ. ಮೊಬೈಲನ್ನು ದಿಂಬಿನ ಕೆಳಗಿಟ್ಟು ಚಾರ್ಜಿಗೆ ಹಾಕಿ ಮಲಗುವ ವಿದ್ಯಾರ್ಥಿಗಳು ಇದನ್ನು ತಮಗೂ ಹೇಳಿದ್ದೆಂದು ತಿಳಿಯಿರಿ.

ಒಂದು ವೇಳೆ ಸೆಲ್ಲು ಹೊತ್ತಿಕೊಂಡರೆ ಮೊದಲು ಮೇನ್ ಸ್ವಿಚ್ ತೆಗೆಯಿರಿ, ಮಕ್ಕಳನ್ನು ಹೊರಗೆ ಕಳಿಸಿ. ಹೊಗೆ ವಿಷ, ಮೂಗಿಗೆ ತೆಗೆದುಕೊಳ್ಳಬೇಡಿ. ಕರೆಂಟು ತೆಗೆದ ಮೇಲೆ ದೂರದಿಂದ ಧಾರಾಳವಾಗಿ ನೀರು ಸುರಿಯಿರಿ. ಮರಳು ಜ್ವಾಲೆಯನ್ನು ಮುಚ್ಚುತ್ತದೆ, ಆದರೆ ಸೆಲ್ಲಿನ ಒಳಗಿನ ಬಿಸಿಯನ್ನು ಇಳಿಸುವುದು ನೀರು. ಆರಿದಂತೆ ಕಂಡದ್ದು ಮತ್ತೆ ಹೊತ್ತಬಹುದು, ಆದ್ದರಿಂದ ಮನೆಯೊಳಗೆ ತರಬೇಡಿ.

ಬದಿಗಿಟ್ಟ 9 ಸೆಲ್ಲುಗಳನ್ನು ಏನು ಮಾಡಿದಿರಿ ಎಂದು ಕಳೆದ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ್ದರು. ಕಸದ ತೊಟ್ಟಿಗೆ ಹಾಕಿಲ್ಲ, ಹಾಕುವಂತೆಯೂ ಇಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಬೇರೆ ಕಸದೊಂದಿಗೆ ಬೆರೆಸಬಾರದು, ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ನಮ್ಮ ಹುಡುಗರು ಎರಡೂ ತುದಿಗಳಿಗೆ ಟೇಪು ಸುತ್ತಿ ಮಣ್ಣಿನ ಮಡಕೆಯಲ್ಲಿ ಇಟ್ಟಿದ್ದರು. ರಿಪೇರಿ ಅಂಗಡಿಯವನು ತನ್ನಲ್ಲಿ ಕೂಡಿದ ಹಳೆಯ ಮೊಬೈಲ್ ಬ್ಯಾಟರಿಗಳ ಜೊತೆ ಅವನ್ನೂ ಒಯ್ದ.

ಈಗ ಆ ಹುಡುಗ ಹತ್ತನೇ ತರಗತಿಯಲ್ಲಿದ್ದಾನೆ. ಬೆರಳಿನ ಮೇಲೆ ಕಲೆ ಉಳಿದಿದೆ. ಕಳೆದ ಮಾರ್ಚ್ ಪರೀಕ್ಷೆಯ ದಿನಗಳಲ್ಲಿ ಎರಡು ರಾತ್ರಿ ಕರೆಂಟು ಹೋಗಿತ್ತಂತೆ. 7ನೇ ನಂಬರಿನ ಸೆಲ್ಲು ಮೊದಲ ರಾತ್ರಿ, 11ನೇ ನಂಬರಿನದು ಎರಡನೇ ರಾತ್ರಿ ಉರಿಯಿತೆಂದು ಅವನ ಆಪಾ ನೋಟುಬುಕ್ಕಿನಲ್ಲಿ ಸಮಯದೊಂದಿಗೆ ಬರೆದುಕೊಟ್ಟಿದ್ದಾಳೆ. 11ನೆಯದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆರಿತು. ನಮ್ಮ ಲೆಕ್ಕದಲ್ಲಿ ಇನ್ನೂ ಮುಕ್ಕಾಲು ಗಂಟೆ ಬರಬೇಕಿತ್ತು. ಅದನ್ನು ಮತ್ತೆ ಅಳೆಯುವುದು ಬಾಕಿ ಇದೆ.

ಚಾರ್ಜರ್ ಶಾಲೆಯ ಬೀರುವಿನಲ್ಲಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ನಾನು ಅಲ್ಲಿರುತ್ತೇನೆ. ನೋಡಬಯಸುವ ವಿದ್ಯಾರ್ಥಿಗಳು ಬರಬಹುದು, ಚಿಕ್ಕವರು ಮನೆಯಲ್ಲಿ ಹೇಳಿ ಬನ್ನಿ. ಹಳೆಯ ಬ್ಯಾಟರಿ ತರುವವರು ಬಿಚ್ಚದೆ ತನ್ನಿ. ಬಿಡಿ ಸೆಲ್ಲು ತರುವವರು ಎರಡೂ ತುದಿಗಳಿಗೆ ಟೇಪು ಅಂಟಿಸಿಕೊಂಡು ಬನ್ನಿ, ಚಿಲ್ಲರೆ ಇರುವ ಜೇಬಿನಲ್ಲಿ ಮಾತ್ರ ಹಾಕಬೇಡಿ.